‘ಹನ್ನೆರಡನೇ ಮಹಡಿ’ ಆಟದ ಗುಣದೋಷಗಳು

ಸಭೆಯನ್ನು ಹದ್ದುಬಸ್ತಿನಲ್ಲಿಟ್ಟಿರುವ ಅಧ್ಯಕ್ಷರೇ, ಹಲ್ಲಿನ ವೈದ್ಯರಾಗಿದ್ದೂ ಬಾಯ್ತುಂಬ ನಗುತ್ತಿರುವ ಮುಖ್ಯ ಅತಿಥಿಗಳೇ, ಈ ಆಟವನ್ನು ಕಟ್ಟಿದ ಅಕ್ಕ ತಂಗಿಯರೇ, ಇದನ್ನು ಆಡಿ ಆಡಿ ಕಣ್ಣು ಕೆಂಪಗೆ ಮಾಡಿಕೊಂಡಿರುವ ಸಭಿಕರೇ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿ ಹುಡುಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಂದ ಕೆಳಗಿಡದೆ ಕುಳಿತಿರುವ ನನ್ನ ಹೆಂಡತಿಯೇ,

ಹೆಂಡತಿಯನ್ನು ಪ್ರತ್ಯೇಕವಾಗಿ ಸಂಬೋಧಿಸಿದ್ದಕ್ಕೆ ಯಾರೂ ಮುಸಿಮುಸಿ ನಗಬೇಕಾಗಿಲ್ಲ. ಅವಳು ನಾಲ್ಕು ತಿಂಗಳಿಂದ ಅವಳ ಅಕ್ಕನ ಮನೆಯಲ್ಲಿದ್ದಾಳೆ. ಈ ಸನ್ಮಾನಕ್ಕೆ ಕರೆದಾಗ, "ಬರ್ತೀನಿ. ಅದೇನು ಮಾತಾಡ್ತಾರೋ ಕೇಳ್ತೀನಿ. ಮನೆಗೆ ವಾಪಸ್ ಬರೋದೋ ಬಿಡೋದೋ ಆಮೇಲೆ ನೋಡೋಣ" ಎಂದು ಹೇಳಿ ಕಳಿಸಿದಳು. ಆದ್ದರಿಂದ ಇಂದಿನ ಭಾಷಣ ನಿಮಗೆ ಹದಿನೈದು ನಿಮಿಷದ್ದು, ನನಗೆ ಮಾತ್ರ ಸ್ವಲ್ಪ ಉದ್ದದ್ದು.

ನಾನು ಮೂವತ್ತನಾಲ್ಕು ವರ್ಷ ಲಿಫ್ಟ್ ತಪಾಸಣೆ ಮಾಡಿದವನು. ನಮ್ಮ ಇಲಾಖೆಯ ನಮೂನೆಯಲ್ಲಿ ನಾಲ್ಕು ಕಾಲಂ: ಎಲ್ಲಿ ಕಂಡಿತು, ಏನು ಕಂಡಿತು, ಮತ್ತೆ ಕಾಣಬೇಕಾದರೆ ಏನು ಮಾಡಬೇಕು, ತೀವ್ರತೆ ಎಷ್ಟು. ನಾಲ್ಕೂ ದೋಷಕ್ಕೇ ಮೀಸಲು. ಗುಣಕ್ಕೆ ಕಾಲಂ ಇರಲಿಲ್ಲ. ಅಷ್ಟು ವರ್ಷದಲ್ಲಿ ಒಂದೇ ಒಂದು ಲಿಫ್ಟನ್ನೂ ನಾನು ಹೊಗಳಿಲ್ಲ. ಈ ಸಭಾಂಗಣದ ಲಿಫ್ಟಿನಲ್ಲಿ ‘ಎಂಟು ಜನ’ ಎಂದು ಬರೆದಿದೆಯಲ್ಲ, ಅದು ಶುದ್ಧ ಸುಳ್ಳು. ಹೋಗುವಾಗ ಎಲ್ಲರೂ ಮೆಟ್ಟಿಲಿಳಿಯಿರಿ.

ಇರಲಿ, ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಆಟ ಆಡಿಲ್ಲವಂತೆ, ಈಗಷ್ಟೇ ಚಹಾ ಕುಡಿಯುವಾಗ ಒಪ್ಪಿಕೊಂಡರು. ಅವರಿಗಾಗಿ ಹೇಳುತ್ತೇನೆ. ಇದು ಕಂಪ್ಯೂಟರಿನಲ್ಲಿ ಆಡುವ ಆಟ. ಹನ್ನೆರಡು ಮಹಡಿಯ ಒಂದು ಕಟ್ಟಡ. ಇರುವುದು ಒಂದೇ ಲಿಫ್ಟ್. ಅದಕ್ಕಾಗಿ ಕೆಳಗಿನ ಆರು ಮಹಡಿಯವರಿಗೂ ಮೇಲಿನ ಆರು ಮಹಡಿಯವರಿಗೂ ಯುದ್ಧ. ನೆಲವೆಲ್ಲ ಚೌಕ ಚೌಕ. ನೀವು ಕೆಳಗಿನ ಪಕ್ಷ. ನಿಮ್ಮವರನ್ನು ಒಬ್ಬೊಬ್ಬರಾಗಿ ಚೌಕ ಎಣಿಸಿ ನಡೆಸಿ ಸುಮ್ಮನಾಗಬೇಕು. ಆಮೇಲೆ ಮೇಲಿನವರ ಸರದಿ. ಆಯುಧಗಳು ಕೊಡೆ, ಪೊರಕೆ, ಪಾತ್ರೆಯ ಮುಚ್ಚಳ. ಯಾರೂ ಸಾಯುವುದಿಲ್ಲ, ಸುಸ್ತಾಗಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಇದು ಮೊದಲನೆಯ ಗುಣ. ಹೊಗಳಿದ್ದೇನೆ, ಗಮನಿಸಿ.

ಎರಡನೆಯ ಗುಣಕ್ಕೆ ಕಾರಣ ನಾನೇ, ಸಂಕೋಚವಿಲ್ಲದೆ ಹೇಳುತ್ತೇನೆ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಈ ಅಕ್ಕ ತಂಗಿ ಆಟ ಕಟ್ಟುತ್ತಿದ್ದರು. ಅಕ್ಕ ಲೆಕ್ಕದವಳು, ತಂಗಿ ಚಿತ್ರದವಳು. ಒಂದು ದಿನ ಅಕ್ಕ ನನ್ನನ್ನು ಹುಡುಕಿಕೊಂಡು ಬಂದು, "ಸರ್, ಆರು ಜನರ ಲಿಫ್ಟಿಗೆ ಏಳನೆಯವರು ಹತ್ತಿದ್ರೆ ಏನಾಗುತ್ತೆ?" ಎಂದಳು. ನಾನು ಹೇಳಿದೆ: "ಏನಾಗುತ್ತೆ? ಗಂಟೆ ಹೊಡೆಯುತ್ತೆ. ಯಾರೂ ಇಳಿಯಲ್ಲಮ್ಮ. ಎಲ್ಲರೂ ಏಳನೆಯವನ ಮುಖ ನೋಡ್ತಾ ನಿಂತಿರ್ತಾರೆ." ಈಗ ಆಟದಲ್ಲಿ ಎಷ್ಟೋ ಜನ ಗೆಲ್ಲುವುದೂ ಸೋಲುವುದೂ ಆ ಗಂಟೆಯಿಂದಲೇ. ಸ್ವಂತದ್ದೆಂದು ಹೆಮ್ಮೆಪಡಲು ನನಗಿರುವುದು ಅದೊಂದು ಗಂಟೆ.

ಪಾತ್ರಗಳೂ ಸೊಗಸು. ಪಿಂಚಣಿದಾರರೊಬ್ಬರಿದ್ದಾರೆ. ಅವರು ಹಳೆಯ ಕಥೆ ಶುರುಮಾಡಿದರೆ ಪಕ್ಕದ ಚೌಕದವರು ಎರಡು ಸರದಿ ಅಲ್ಲಾಡುವಂತಿಲ್ಲ. ಈ ಅಸ್ತ್ರದ ಪ್ರಯೋಗ ಹೇಗಿರುತ್ತದೆಂದು ಮುಂದಿನ ಸಾಲಿನವರಿಗೆ ಈಗಾಗಲೇ ಗೊತ್ತಾಗಿರಬೇಕು.

ಇನ್ನು ದೋಷಗಳು. ಆಹಾ, ಈಗ ನಾಲಿಗೆ ಸಲೀಸಾಯಿತು. ಹಲ್ಲಿನ ವೈದ್ಯೆಯ ಪಾತ್ರಕ್ಕೆ ಮಿತಿಮೀರಿದ ಬಲ. ಎದುರಿಗೆ ಯಾರು ಬಾಯಿ ತೆರೆದರೂ ಮುಗಿಯಿತು. ಮುಖ್ಯ ಅತಿಥಿಗಳು ಬೇಸರಿಸಬಾರದು, ತಮ್ಮೆದುರು ನಾನು ಆದಷ್ಟು ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದೇನೆ. ಆರನೇ ಮಹಡಿಯ ಮೆಟ್ಟಿಲು ಎಷ್ಟು ಕತ್ತಲೆಯೆಂದರೆ ನಮ್ಮವರನ್ನು ನಾವೇ ಕೊಡೆಯಿಂದ ಚುಚ್ಚುತ್ತೇವೆ. ಏಳನೇ ಮಹಡಿಯಲ್ಲಿ ನಲ್ಲಿ ರಿಪೇರಿಯವನು ಗೋಡೆಯೊಳಗೇ ನಡೆದುಹೋಗುತ್ತಾನೆ. ಅಕ್ಕ ಅದನ್ನು ಸರಿಪಡಿಸಿದಳು. ಮರುದಿನ ಆಟಗಾರರಿಂದ ಇನ್ನೂರು ಪತ್ರ ಬಂದವು, ‘ಗೋಡೆಯೊಳಗೆ ಹೋಗುವುದು ಅವನ ಕಸುಬಿನ ಹಕ್ಕು’ ಎಂದು! ಪಾಪ, ಅವಳು ಮತ್ತೆ ಕೆಡಿಸಬೇಕಾಯಿತು. ಇಂಥ ನಾನೂರ ಹನ್ನೆರಡು ದೋಷಗಳನ್ನು ನಾನು ನಮೂನೆಯಲ್ಲಿ ತುಂಬಿ ಕೊಟ್ಟಿದ್ದೇನೆ. ಇವತ್ತಿನ ಶಾಲು ಅದಕ್ಕೇ.

ಆದರೆ ಎಲ್ಲರೂ ಬಾಯಿತುಂಬ ಹೊಗಳುವುದು ಯಾವುದನ್ನು? ಎದುರು ಪಕ್ಷದ ನಾಯಕಿಯನ್ನು. ಹತ್ತನೇ ಮಹಡಿಯ ಆ ಹೆಂಗಸನ್ನು. ‘ಇಷ್ಟು ಜಾಣ ಎದುರಾಳಿಯನ್ನು ಯಾವ ಆಟದಲ್ಲೂ ಕಂಡಿಲ್ಲ’ ಎಂದು ಬರೆದವರಿದ್ದಾರೆ. ಆ ಜಾಣತನ ಎಲ್ಲಿಂದ ಬಂತು? ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಆಟ ಇನ್ನೂ ಅರೆಬೆಂದಿದ್ದಾಗ ಅದನ್ನು ಪರೀಕ್ಷಿಸಲು ನನಗೊಬ್ಬರು ಜೊತೆ ಬೇಕಿತ್ತು. ಊಟದ ಮೇಜಿನ ಮೇಲೆ ಚೌಕಗಳ ಕಾಗದ ಹರಡಿ, ಹೆಂಡತಿಯ ಎದುರು ಆಡಿದೆ. ಹದಿನೇಳು ಸಲ ಸೋತೆ. "ನಿಮ್ಮೆದುರು ಆಡೋರು ಹೇಗೆ ಆಡ್ತಾರೆ, ಬರ್ಕೊಡಿ ಸರ್" ಎಂದಳು ಅಕ್ಕ. ಕೈಗೆ ಬಂದದ್ದು ಅದೇ ನಮೂನೆ. ನಲವತ್ತೆರಡು ದೋಷ ಬರೆದೆ. ಒಂಬತ್ತು ಆಟದವು. ಉಳಿದವು, ಬರೆಯುವ ಹುರುಪಿನಲ್ಲಿ, ಅಡುಗೆಮನೆಯವು.

ದೋಷ ನಾಲ್ಕು: ಸಿಟ್ಟು ಬಂದರೆ ಕೂಗುವುದಿಲ್ಲ, ಪಾತ್ರೆ ತೊಳೆಯುವ ಸದ್ದು ಜೋರಾಗುತ್ತದೆ. ದೋಷ ಹನ್ನೆರಡು: ‘ಏನೂ ಇಲ್ಲ’ ಎನ್ನುತ್ತಾಳೆ. ಮತ್ತೆ ಕಾಣಬೇಕಾದರೆ: ‘ಏನಾಯ್ತು?’ ಎಂದು ಕೇಳಿ. ತೀವ್ರತೆ: ಅತಿ ಗಂಭೀರ. ದೋಷ ಇಪ್ಪತ್ತು: ಆರು ವರ್ಷದ ಹಿಂದೆ ನಾನಾಡಿದ ಮಾತನ್ನು ದಿನಾಂಕ ಸಮೇತ ಹೇಳುತ್ತಾಳೆ. ಅಕ್ಕ ತಂಗಿ ನಲವತ್ತೆರಡನ್ನೂ ಆಟಕ್ಕೆ ಹಾಕಿಬಿಟ್ಟರು. ಹತ್ತನೇ ಮಹಡಿಯಿಂದ ಪಾತ್ರೆಯ ಸದ್ದು ಕೇಳಿ ಬೆವತವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧ ಸಭೆ! ನೀವು ಎರಡು ವಾರ ಬೆವತಿದ್ದೀರಿ, ನಾನು ಮೂವತ್ತು ವರ್ಷ ಬೆವತಿದ್ದೇನೆ.

ಆಟ ಪೂರ್ತಿಯಾದ ಮೇಲೆ ನನ್ನ ಹೆಂಡತಿಯೂ ಆಡಿದಳು. ನಾಲ್ಕನೇ ಸುತ್ತಿಗೆ ಕನ್ನಡಕ ತೆಗೆದಿಟ್ಟು, "ರೀ, ಈ ಹೆಂಗಸು ಯಾರು? ನನ್ನ ಥರಾನೇ ಬಾಗಿಲು ಹಾಕ್ತಾಳಲ್ಲ?" ಎಂದಳು. ನಾನು ಜಂಬದಿಂದ ಪಟ್ಟಿ ತಂದು ಕೊಟ್ಟೆ. ವಿವೇಕ ಇರುವವನು ಮಾಡುವ ಕೆಲಸವೇ ಇದು? ಕೂತು ಓದಿದಳು. ಹನ್ನೆರಡಕ್ಕೆ ನಕ್ಕಳು ಕೂಡ. ಕೊನೆಯವರೆಗೂ ಓದಿ, ತಿರುಗಿ ಮೂವತ್ತೊಂದಕ್ಕೆ ಬಂದು ನಿಂತಳು.

ದೋಷ ಮೂವತ್ತೊಂದು: ಗೆಲುವು ಕೈಗೆಟುಕುವ ಹೊತ್ತಿಗೆ, ಬಿದ್ದವರ ಕಡೆಗೆ ಓಡಿಬಿಡುತ್ತಾಳೆ. ತೀವ್ರತೆ: ಸಾಮಾನ್ಯ.

"ಉಳಿದ ನಲವತ್ತೊಂದೂ ನಿಜ, ಒಪ್ಕೋತೀನಿ ಕಣ್ರೀ" ಎಂದಳು. "ಇದಕ್ಕೆ ಸಾಮಾನ್ಯ ಅಂತ ಬರೆಯೋಕೆ ನಿಮಗೆ ಕೈಯಾದ್ರೂ ಹೇಗೆ ಬಂತು?" ಅಷ್ಟೇ. ಪಾತ್ರೆಯ ಸದ್ದೂ ಬರಲಿಲ್ಲ. ಬಟ್ಟೆ ತುಂಬಿಕೊಂಡು ತನ್ನ ಅಕ್ಕನ ಮನೆಗೆ ಹೋದಳು.

ಹತ್ತೊಂಬತ್ತು ವರ್ಷದ ಹಿಂದೆ ತಪಾಸಣೆಗೆ ಹೋದಾಗ ನಾನು ಲಿಫ್ಟಿನ ಗುಂಡಿಗೆ ಬಿದ್ದು ತೊಡೆಮೂಳೆ ಮುರಿದುಕೊಂಡೆ. ಇವಳು ನಕ್ಷೆ ಬರೆಯುವ ಕಚೇರಿಯಲ್ಲಿದ್ದವಳು. ಬೇರೆ ಊರಿನ ದೊಡ್ಡ ಕಚೇರಿಗೆ ಮುಖ್ಯಸ್ಥೆಯಾಗಿ ಇವಳನ್ನು ಆರಿಸಿರುವುದಾಗಿ ಅದೇ ವಾರ ಪತ್ರ ಬಂದಿತ್ತು. ‘ಎಂಟು ತಿಂಗಳು ಕಾಯುತ್ತೇವೆ’ ಎಂದಿದ್ದರು. ಇವಳು ರಜೆ ಹಾಕಿ ನನ್ನ ಹಾಸಿಗೆಯ ಪಕ್ಕ ಕೂತಳು. ಎಂಟು ತಿಂಗಳು ಕಳೆಯಿತು. ಆ ಕುರ್ಚಿಯಲ್ಲಿ ಇನ್ಯಾರೋ ಕೂತರು.

ಆಟದಲ್ಲೂ ಹಾಗೆಯೇ. ನಾಯಕಿ ಲಿಫ್ಟಿನ ಬಾಗಿಲಲ್ಲಿರುವಾಗ ಯಾರೇ ಬೀಳಲಿ, ಶತ್ರುವೇ ಬೀಳಲಿ, ತಿರುಗಿ ಬಂದು ನೀರು ಕೊಡುತ್ತಾಳೆ. ಆಟಗಾರರು ಇದನ್ನು ಕಂಡುಹಿಡಿದಿದ್ದಾರೆ. ತಮ್ಮದೇ ಪಕ್ಷದ ಪಿಂಚಣಿದಾರರನ್ನು ಬೇಕೆಂದೇ ಮೆಟ್ಟಿಲಿಂದ ಉರುಳಿಸಿ, ಅವಳು ಅತ್ತ ಓಡಿದಾಗ ಲಿಫ್ಟ್ ಹಿಡಿಯುತ್ತಾರೆ. ಎಲ್ಲರೂ ಗೆಲ್ಲುವುದು ಹೀಗೇ. ನಾನೂ ಹೀಗೇ ಗೆದ್ದೆ. ‘ತೀರಾ ಸುಲಭವಾಯಿತು, ಮುಂದಿನ ಆವೃತ್ತಿಯಲ್ಲಿ ತೆಗೆಯುತ್ತೇವೆ, ಒಪ್ಪಿಗೆಯ ಸಹಿ ಹಾಕಿ’ ಎಂದು ಅಕ್ಕ ತಂಗಿ ಕಾಗದ ಕೊಟ್ಟಿದ್ದಾರೆ.

ಸಹಿ ಹಾಕುವುದಿಲ್ಲ. ಅವಳನ್ನು ಮುಟ್ಟಬೇಡಿ ಮಕ್ಕಳೇ. ದೋಷ ಅವಳದಲ್ಲ. ಬೇಕೆಂದೇ ಬೀಳುವವನದು. ಏಕೆ ಹೇಳುತ್ತೇನೆಂದರೆ... ಇದನ್ನು ಬರೆದುಕೊಂಡು ಬಂದಿಲ್ಲ, ಅಧ್ಯಕ್ಷರು ಗಡಿಯಾರ ನೋಡಬಾರದು... ಏಕೆಂದರೆ ಐದನೇ ತಿಂಗಳಿಗೇ ನಾನು ನಡೆಯುತ್ತಿದ್ದೆ. ಇವಳು ತರಕಾರಿ ತರಲು ಹೋದಾಗ ಎದ್ದು ಕಿಟಕಿಯವರೆಗೆ ನಡೆದುಹೋಗಿ ಬರುತ್ತಿದ್ದೆ. ಬಾಗಿಲಲ್ಲಿ ಬೀಗದ ಸದ್ದಾದರೆ ಓಡಿಹೋಗಿ ಮಲಗುತ್ತಿದ್ದೆ. ಹೌದು, ಓಡಿಹೋಗಿ. ಇನ್ನು ಮೂರು ತಿಂಗಳು ಮಲಗಿದರೆ ಆ ಪತ್ರದ ಗಡುವು ಮುಗಿಯುತ್ತದೆ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಲಗಿದ್ದೆ. ಇವಳು ಮುಖ್ಯಸ್ಥೆಯಾಗಿ ಆ ಊರಿಗೆ ಹೋದರೆ ನಾನು ಏನಾಗಿ ಹೋಗಲಿ ಎಂಬ ಹೊಟ್ಟೆಕಿಚ್ಚು ನನಗೆ. ಅದು ಇವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ‘ಸಾಮಾನ್ಯ’ ಎಂದು ಬರೆದದ್ದು ಅದಕ್ಕೇ. ಗಂಭೀರ ಎಂದು ಬರೆದಿದ್ದರೆ ನನ್ನ ಕಳ್ಳತನವನ್ನು ನಾನೇ ಬರೆದಂತಾಗುತ್ತಿತ್ತು.

ಎದ್ದು ನಿಂತಿದ್ದಾಳೆ. ಯಾರೂ ಹಿಂದೆ ತಿರುಗಿ ನೋಡಬೇಡಿ, ದಯವಿಟ್ಟು. ಕೈಚೀಲ ಹೆಗಲಿಗೇರಿಸಿದಳು. ಬಾಗಿಲು ತೆರೆದಳು.

ಈ ವೇದಿಕೆಗೆ ಐದು ಮೆಟ್ಟಿಲು. ನಾನು ಈಗ ಇಲ್ಲಿಂದ ಕಾಲು ಜಾರಿ ಬಿದ್ದೆನೆಂದರೆ ಅವಳು ಓಡಿ ಬರುತ್ತಾಳೆ. ಇಷ್ಟು ಕೇಳಿದ ಮೇಲೂ ಬರುತ್ತಾಳೆ, ನನಗೆ ಗೊತ್ತು. ಅವಳಿಗೂ ಗೊತ್ತು. ಬಾಗಿಲು ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿರುವುದು ಅದಕ್ಕೇ.

ಬೀಳುವುದಿಲ್ಲ ಕಣೇ, ನೀನು ಹೊರಡು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತೇನೆ, ನೀನು ಎಲ್ಲಿಯವರೆಗೆ ಹೋಗುತ್ತೀಯೋ ಅಲ್ಲಿಯವರೆಗೆ ನಡೆದುಕೊಂಡೇ ಬರುತ್ತೇನೆ. ಶಾಲನ್ನು ಕುರ್ಚಿಯ ಮೇಲೆ ಬಿಟ್ಟಿದ್ದೇನೆ ಅಧ್ಯಕ್ಷರೇ, ಅದು ಕಾಲಿಗೆ ತೊಡರುತ್ತದೆ. ತಾಳ್ಮೆಯಿಂದ ಕೇಳಿದ ತಮಗೆಲ್ಲ ಕೃತಜ್ಞತೆಗಳು. ಯಾರೂ ನನ್ನ ಕೈ ಹಿಡಿಯಲು ಬರಬೇಡಿ. ನಮಸ್ಕಾರ.