ಡ್ರಾಯಿಂಗ್ ಮೇಷ್ಟ್ರ ಬಿ.ಎಸ್.ಎ.

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರಾದ ಅರುಣಕುಮಾರ್ ಅವರೇ, ಸಹೋದ್ಯೋಗಿಗಳೇ, ಬಾಗಳಿಯ ಹಿರಿಯರೇ, ಬಿಸಿಲಿನಲ್ಲಿ ಕುಳಿತ ಮಕ್ಕಳೇ, ಸಭಿಕರೇ,

ನನ್ನ ನಿವೃತ್ತಿಗೆ ಇಷ್ಟು ದೊಡ್ಡ ಹಾರ ತಂದಿದ್ದೀರಿ. ವಿಜ್ಞಾನ ಕಲಿಸಿದ ಶಿವಲೀಲಾ ಟೀಚರ್ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಆಡಿದಿರಿ. ನಾನು ಕೊಟ್ಟ ಅಂಕಗಳನ್ನು ಮರೆತಿದ್ದೀರೆಂದು ಕಾಣುತ್ತದೆ! ಆದರೆ ಬೆಳಗ್ಗೆಯಿಂದ ನಿಮ್ಮೆಲ್ಲರ ಕಣ್ಣು ಗೇಟಿನ ಬಳಿ ನಿಂತ ಬೈಕಿನ ಮೇಲಿದೆ. ಟೀಚರ್ ಈ ವಯಸ್ಸಿನಲ್ಲಿ ಇದರ ಮೇಲೆ ಬಂದರೇ? ಬಂದೆ. ಅದರ ವಿಷಯವನ್ನೇ ಎರಡು ಮಾತು ಹೇಳುತ್ತೇನೆ.

ಅದು ನಮ್ಮ ಡ್ರಾಯಿಂಗ್ ಮೇಷ್ಟ್ರು ಗುರುಬಸವರಾಜ ಅವರದು. ಅವರ ತಂದೆಯ ಕಾಲದ, ಇಂಗ್ಲೆಂಡಿನ ಬಿ.ಎಸ್.ಎ. ಹರಪನಹಳ್ಳಿಯಲ್ಲಿ ನನಗೆ ಬಸ್ಸು ತಪ್ಪಿದ ದಿನ ಅವರು ಬೈಕು ನಿಲ್ಲಿಸಿ, "ಹತ್ರಿ ಟೀಚರ್, ಬೆಲ್ ಹೊಡಿತಾರ" ಎನ್ನುತ್ತಿದ್ದರು. ಸಹೋದ್ಯೋಗಿ ಎಂಬ ಗೌರವ, ಅಷ್ಟೇ. ಬಸ್ಸು ಆಗಾಗ ತಪ್ಪುತ್ತಿತ್ತು. ನಗಬೇಡಿ, ಆಗ ಬಸ್ಸುಗಳೇ ಹಾಗಿದ್ದವು. ದಾರಿಯುದ್ದಕ್ಕೂ ಜೋಳದ ಹೊಲ, ಕಣ್ಣ ಮುಂದೆ ಅವರ ಬಣ್ಣ ಮೆತ್ತಿದ ಅಂಗಿ ತೋಳು. ನಾವು ಮಾತಾಡಿದ್ದೇನು? ಟೈಮ್ ಟೇಬಲ್, ಸಿಲೆಬಸ್. ಅವರು ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಅವರವರ ಕಾರಣ ಅವರವರಿಗೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅವರ ತಂಗಿ ಕೊಟ್ರಬಸಮ್ಮ ಬೈಕನ್ನು ಗುಜರಿಗೆ ಹಾಕುತ್ತಾರೆಂದು ತಿಳಿದು ಓಡಿದೆ. "ತಗೊಂಡು ಹೋಗ್ರಿ ಟೀಚರ್" ಎಂದರು. ಯಾಕೆ ಎಂದು ಕೇಳಲಿಲ್ಲ.

ಕೊಟ್ಟೂರಿನ ಮೆಕ್ಯಾನಿಕ್ ಹುಲುಗೇಶ ಇಂಜಿನ್ನಿನ ಹೆಡ್ ಬಿಚ್ಚಿದ. ಮಸಿ ಕಟ್ಟಿದ ಪಿಸ್ಟನ್, ಸವೆದ ರಿಂಗುಗಳು, ಸರಿಯಾಗಿ ಮುಚ್ಚದ ವಾಲ್ವುಗಳು. ದಾವಣಗೆರೆಗೆ ಹೋಗಿ ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಅದಕ್ಕೊಪ್ಪುವ ಹೊಸ ಪಿಸ್ಟನ್ ತಂದ. ವಾಲ್ವು ಉಜ್ಜುವ ಕೆಲಸವನ್ನು ಮಾತ್ರ ನಾನೇ ಕೇಳಿ ಪಡೆದೆ. ಪೇಸ್ಟು ಹಚ್ಚಿ, ಕೋಲಿನ ತುದಿಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸುತ್ತಿರಬೇಕು. ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಭಾನುವಾರಗಳನ್ನು ಹಾಗೇ ಕಳೆದೆ.

"ಸಾಕು ಮಾಡ್ರಿ ಟೀಚರ್. ಸೀಮೆಣ್ಣಿ ಹಾಕಿ ನೋಡೀನಿ, ಒಂದು ಹನಿ ಸೋರವಲ್ದು" ಎಂದ ಹುಲುಗೇಶ.

ನನಗೆ ಸಾಕಾಗಿರಲಿಲ್ಲ. ಅವರು ದಿನವೂ ಮುಟ್ಟುತ್ತಿದ್ದ ಯಂತ್ರದ ಒಳಗೆ ನನ್ನ ಕೈ ಆಡುತ್ತಿತ್ತು... ಅಂದರೆ, ವಿಜ್ಞಾನ ಶಿಕ್ಷಕಿಯ ಕುತೂಹಲ.

ಕೊನೆಗೆ ಎಲ್ಲ ಜೋಡಿಸಿ ಕಿಕ್ ಹೊಡೆದಾಗ ಇಂಜಿನ್ನು ಗುಡುಗುಡು ಎಂದು ಮೆತ್ತಗೆ ಉಸಿರಾಡಿತು. ಹುಲುಗೇಶ ಹಿಗ್ಗಿದ. ನನಗೆ ಅಳು ಬಂತು.

"ಮೊದಲು ಕಟಕಟ ಅಂತಿತ್ತಲ್ಲಪ್ಪ, ದೂರದಿಂದನ ಗೊತ್ತಾಗ್ತಿತ್ತು. ಅದೆಲ್ಲಿ ಹೋತು?"

"ಅದು ಪಿಸ್ಟನ್ ಸವದ ಸೌಂಡ್ರಿ. ಅದನ್ನ ತೆಗಿಯಾಕ ಅಲ್ಲೇನ್ರಿ ಇಷ್ಟು ದಿನ ಕುಂತಿದ್ದು?"

ನಾನು ಯಾವ ಸದ್ದಿಗಾಗಿ ವರ್ಷಗಟ್ಟಲೆ ಕಿವಿಗೊಟ್ಟು ನಿಂತಿದ್ದೆನೋ, ಅದನ್ನು ನಾನೇ ಮುಂದೆ ಕೂತು ರಿಪೇರಿ ಮಾಡಿಸಿ ಕಳೆದಿದ್ದೆ. ಯಾರನ್ನು ದೂರಲಿ?

ಓಡಿಸುವುದನ್ನೂ ಹುಲುಗೇಶನೇ ಕಲಿಸಿದ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನನ್ನ ಸ್ಕೂಟಿ ಅಭ್ಯಾಸಕ್ಕೆ ಅದು ಸೀದಾ ಬೇಲಿಗೆ ನುಗ್ಗಿತು. ಕೈ ಪಳಗಿದ ಮೇಲೆ ಕೊಟ್ರಬಸಮ್ಮನವರಿಗೆ ತೋರಿಸಲು ಹೋದೆ. ಅವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು.

"ನಮ್ಮಣ್ಣ ನಿಮ್ಮನ್ನ ಹಲವಾಗಲಿಗೆ ಕರಕೊಂಡು ಹೋಗಿ, ಹೊಳಿ ದಂಡಿ ಮ್ಯಾಲೆ ಒಂದು ಮಾತು ಕೇಳಬೇಕಂತಿದ್ದ. ಟೀಚರ್ ಬರ್ತಾರೋ ಇಲ್ಲೋ ಅಂತ ಅಂಜಿ ಅಂಜಿ ಹಂಗ ಉಳದ."

"ಬರ್ತಿದ್ದೆ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡು, "ಒಳಗ ಬರ್ರಿ ಅತ್ತಿಗಿ" ಎಂದರು.

ಸಭಿಕರೇ, ಅರವತ್ತು ವರ್ಷದಲ್ಲಿ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಅಗೋ, ಕೊನೆಯ ಸಾಲಿನಲ್ಲಿ ಬುತ್ತಿ ಗಂಟು ಹಿಡಿದು ಕೂತಿದ್ದಾರೆ, ಹೊತ್ತಾಯಿತೆಂದು ಸನ್ನೆ ಮಾಡುತ್ತಿದ್ದಾರೆ. ಇಲ್ಲಿಂದ ನಾವಿಬ್ಬರೂ ಹಲವಾಗಲಿಗೆ ಹೊರಟಿದ್ದೇವೆ. ಅವರಣ್ಣ ಕೂರುತ್ತಿದ್ದ ಬಂಡೆ ಅವರಿಗೆ ಗೊತ್ತಂತೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ಒಬ್ಬ ಟೀಚರ್ ದಾರಿ ತಪ್ಪಿ ಆಡಿದ ಮಾತನ್ನು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.