ಎರಡು ದಿನ ಹಿಂದಿನ ತಾರೀಖು

ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ದಿನವೂ ತಡಮಾಡದ ಡ್ರೈವರಣ್ಣನನ್ನು ನರ್ಸಮ್ಮ ಈಗಷ್ಟೇ ಬೈದು ಕಳಿಸಿದ್ದಳು. ಹೆಂಡತಿಯ ಮೂರನೇ ಇಂಜೆಕ್ಷನ್ ಹದಿನಾಲ್ಕಕ್ಕೆ ಆಗಬೇಕಿತ್ತು, ಇವತ್ತು ಹದಿನಾರು. ಇನ್ನು ಇಂಜೆಕ್ಷನ್ನೆಲ್ಲ ಮೊದಲಿನಿಂದ ಶುರು. "ನೋಡಮ್ಮ, ಇವತ್ತೇ ಹದಿನಾಲ್ಕು" ಅಂತ ಮೊಬೈಲ್ ತೋರಿಸಿ ಅವನು ನಗೆಪಾಟಲಾಗಿದ್ದ. ಹೋದ ವಾರ ಹೆಂಡತಿಯ ರಿಪೋರ್ಟಿಗೆ ಬಂದಾಗ ಇದೇ ಮೊಬೈಲನ್ನು ಕೌಂಟರಿನಲ್ಲಿ ಕೊಟ್ಟಿದ್ದ. ಲಿಫ್ಟಿನ ಮುಂದಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಮುಖ ತಗ್ಗಿಸಿ ಕೂತಿದ್ದಾಗ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಇಬ್ಬರ ಮಾತು ಕಿವಿಗೆ ಬಿತ್ತು.

"ಹೋದ ವಾರ ರಿಪೋರ್ಟಿನ ವೆಬ್‌ಸೈಟು ಯಾಕಯ್ಯಾ ತೆರೀಲಿಲ್ಲ?" ಹಿರಿಯ ಕೇಳಿದ.

"ಸುರಕ್ಷತೆ ಸರ್ಟಿಫಿಕೇಟಿನ ಅವಧಿ ಹತ್ತಕ್ಕೆ ಮುಗಿದಿತ್ತು, ಸರ್. ಬ್ರೌಸರು ಯಾರನ್ನೂ ಒಳಗೆ ಬಿಡಲಿಲ್ಲ."

"ನವೀಕರಿಸಿ ಅಂತ ಮೇಲ್ ಬಂದಿರಬೇಕಲ್ಲ?"

"ಬಂದಿತ್ತು. ನೀವು ಕೆಲಸದಿಂದ ತೆಗೆದಿರಲ್ಲ, ಆ ಮ್ಯಾನೇಜರ್ ವಿಳಾಸಕ್ಕೆ."

ಹಿರಿಯ ಗಂಟಲು ಸರಿಮಾಡಿಕೊಂಡ. "ಸರಿಹೋಗೋಕೆ ಎರಡು ದಿನ ಹಿಡೀತಲ್ಲ. ಅಲ್ಲೀತನಕ ಜನರನ್ನ ಹೇಗೆ ಸಂಭಾಳಿಸಿದೆ?"

"ಕೌಂಟರಿನವರಿಗೆ ಉಪಾಯ ಹೇಳಿಕೊಟ್ಟೆ. ಬಂದವರ ಮೊಬೈಲ್ ಇಸ್ಕೊಂಡು ತಾರೀಖನ್ನ ಎರಡು ದಿನ ಹಿಂದಕ್ಕಿಟ್ಟರು. ಅವಧಿ ಇನ್ನೂ ಮುಗಿದಿಲ್ಲ ಅಂತ ಬ್ರೌಸರು ನಂಬಿಬಿಡ್ತು."

"ಆಮೇಲೆ ವಾಪಸ್ ಸರಿಮಾಡಿ ಕೊಟ್ಟರಾ?"

"ಅಷ್ಟು ಜನಕ್ಕೆ ಪುರುಸೊತ್ತೆಲ್ಲಿ, ಸರ್? ಬರೀ ತಾರೀಖು ತಾನೇ, ಯಾರಪ್ಪನ ಗಂಟು ಹೋಗುತ್ತೆ?"

ಹಿರಿಯ ನಕ್ಕ. ಲಿಫ್ಟು ಬಂತು, ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು.

ಆಗ ಡ್ರೈವರಣ್ಣನ ಜೇಬಿನಲ್ಲಿ ಮಗಳು ಇಟ್ಟುಕೊಟ್ಟಿದ್ದ ಅಲಾರಂ ಕೂಗಿತು. ಹೆಂಡತಿಯೇ ಮೊಬೈಲ್ ತೆಗೆದು ಓದಿದಳು: "ಇವತ್ತು ಅಮ್ಮನ ಇಂಜೆಕ್ಷನ್. ತಡಮಾಡಬೇಡಿ, ಅಪ್ಪಾ."