ಕೆಂಪು ಗುರುತಿನ ನಲ್ಲಿ

ದೋಹಾದ ಬಿನ್ ಒಮ್ರಾನ್‌ನ ಕ್ಲಿನಿಕ್ಕಿನಲ್ಲಿ ಇಂದು ನನ್ನ ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ಅಂಗಿಯ ಮೇಲೆ ನೀರಿನ ಹೀಟರ್ ರಿಪೇರಿ ಕಂಪನಿಯ ಹೆಸರಿತ್ತು. ಅವನ ತಾಯಿ ಒಳಗೆ ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು.

“ನಮ್ಮ ಹೀಟರಿನ ಹೊಸ ಥರ್ಮೋಸ್ಟಾಟೂ ಕೆಟ್ಟಿತಾ?” ಹೆಂಡತಿ ಕೇಳಿದಳು.

“ಕೆಟ್ಟಿಲ್ಲ ಶಹನಾ. ಬೆಳಿಗ್ಗೆ ಹಾಕಿ ಟೆಸ್ಟ್ ಮಾಡಿದೆ. ಸ್ವಿಚ್ ಆಫ್ ಮಾಡಲಿಕ್ಕೆ ನಾನೇ ಮರೆತೆ.”

“ಬಿಸಿಲಿಗೆ ಟೆರೇಸಿನ ಟ್ಯಾಂಕಿ ನೀರು ಸುಡುತ್ತದೆ, ಆಫ್ ಮಾಡಿಟ್ಟ ಹೀಟರಿನೊಳಗೆ ನಿಂತದ್ದೇ ತಣ್ಣೀರು, ಹಾಗಾಗಿ ಬಿಸಿನೀರಿನ ಕೆಂಪು ಗುರುತಿನ ನಲ್ಲಿ ತಿರುಗಿಸಿ ಅಂತ ಉಮ್ಮನಿಗೆ ಕಲಿಸಿದ್ದೂ ನೀವೇ.”

“ಮೆಲ್ಲ ಮಾತಾಡು ಮಾರಾಯ್ತಿ, ಜನ ಇದ್ದಾರೆ.”

“ಊರವರ ಹೀಟರೆಲ್ಲ ಸರಿ ಮಾಡ್ತೀರಿ!”

“ಕೈ ಸುಟ್ಟದ್ದು ಹೇಗೆ ಅಂತ ಉಮ್ಮ ಒಳಗೆ ಡಾಕ್ಟರಿಗೆ ಎಂತ ಹೇಳಿದರು?”

“ಚಹಾ ಚೆಲ್ಲಿತು ಅಂದರು.”

ಅವನು ಅಂಗಿಯ ಮೇಲಿನ ಹೆಸರನ್ನು ಅಂಗೈಯಿಂದ ಮುಚ್ಚಿಕೊಂಡ. ನಾನು ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದೆ.

ಅಷ್ಟರಲ್ಲಿ ತಾಯಿ ಹೊರಗೆ ಬಂದರು. ಕೈಗೆ ಬಿಳಿ ಪಟ್ಟಿ ಸುತ್ತಿತ್ತು, ಮುಖದಲ್ಲಿ ಹೆಮ್ಮೆಯಿತ್ತು.

“ಮೋನೇ, ಡಾಕ್ಟರಮ್ಮನ ಮನೆಯ ಹೀಟರ್ ಕೆಟ್ಟಿದೆಯಂತೆ. ನನ್ನ ಮಗನಷ್ಟು ಜಾಗ್ರತೆಯವ ದೋಹಾದಲ್ಲೇ ಇಲ್ಲ ಅಂತ ನಿನ್ನ ನಂಬರ್ ಕೊಟ್ಟೆ.”

“ಯಲ್ಲಾ ಉಮ್ಮ, ಹೋಗುವ,” ಎಂದು ಅವನು ಬಾಗಿಲು ತೆರೆದು ಹಿಡಿದ. ಅವರು ದಾಟಿ ಹೋಗುವವರೆಗೂ ನೆಲವನ್ನೇ ನೋಡುತ್ತಿದ್ದ.